ಎಡಗಾಲು ಮತ್ತು ಗುಲಾಬಿ ಪಟ್ಟಿ

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಕಷ್ಟಪಟ್ಟವಳು ಅಮ್ಮ. ಆದರೆ ಇಕ್ಕೇರಿಯ ಹತ್ತಿರದ ನಮ್ಮ ಊರಿನಲ್ಲಿ ಹಾಗೆ ಹುಟ್ಟಿದವರಿಗೆ ಒಂದು ಕೆಲಸ ತಾನಾಗಿಯೇ ಬಂದು ಸೇರುತ್ತಿತ್ತು. ಯಾರಿಗಾದರೂ ಸೊಂಟ ಹಿಡಿದುಕೊಂಡರೆ, ಬೆನ್ನು ಉಳುಕಿದರೆ, ಅವರು ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಬೋರಲು ಮಲಗುತ್ತಿದ್ದರು. ನಾನು ಎಡಗಾಲಿನಿಂದ ನೋವಿದ್ದ ಜಾಗವನ್ನು ಮೆಲ್ಲಗೆ ಮೂರು ಸಲ ತುಳಿಯಬೇಕು. ತುಳಿದು "ಹೋಯ್ತಾ?" ಎಂದು ಕೇಳಬೇಕು. ಮಲಗಿದವರು "ಹೋಯ್ತು" ಎನ್ನಬೇಕು. ನೋವು ಹೋಗಿರಲಿ, ಹೋಗದೇ ಇರಲಿ, ಹಾಗೆ ಹೇಳಲೇಬೇಕು. ಹೇಳದಿದ್ದರೆ ಆ ನೋವು ತುಳಿದವರಿಗೆ ಅಂಟಿಕೊಳ್ಳುತ್ತದೆ ಎಂದು ನಮ್ಮ ಅಜ್ಜಿ ನಂಬಿದ್ದಳು. ಅಜ್ಜಿ ನಂಬಿದ್ದನ್ನು ಮನೆಯವರೆಲ್ಲ ನಂಬಬೇಕಿತ್ತು.

ಹೀಗಾಗಿ ಚಿಕ್ಕಂದಿನಿಂದ ಎಷ್ಟೋ ಬೆನ್ನುಗಳನ್ನು ತುಳಿದಿದ್ದೇನೆ. ಎಲ್ಲರೂ "ಹೋಯ್ತು" ಎಂದೇ ಹೇಳಿದ್ದಾರೆ. ಅವರಲ್ಲಿ ಯಾರದ್ದು ನಿಜವಾಗಿ ಹೋಗಿತ್ತು, ಯಾರು ನನಗೆ ಅಂಟದಿರಲಿ ಎಂದು ಹೇಳಿದರು ಎಂದು ನಾನು ಯೋಚಿಸಿದವಳೇ ಅಲ್ಲ. ಈಗ ಯೋಚಿಸುತ್ತೇನೆ. ನಮ್ಮನೆಯವರು ತೀರಿಕೊಂಡು ವರ್ಷವಾಗುತ್ತಾ ಬಂತು. ಅವರೂ ಕೊನೆಗೊಮ್ಮೆ ನನಗೆ "ಹೋಯ್ತು" ಎಂದಿದ್ದರು. ಅದು ನಿಜವೋ, ಬರೀ ಪದ್ಧತಿಯ ಮಾತೋ ಎಂಬುದು ನನಗೆ ಗೊತ್ತಾಗಬೇಕಿತ್ತು. ಬೇರೆ ಯಾರನ್ನು ಕೇಳಲಿ? ಹಾಗಾಗಿ ನೆನಪಾದದ್ದನ್ನೆಲ್ಲ ಬರೆದು ನೋಡುತ್ತಿದ್ದೇನೆ.

ಅವರನ್ನು ಮೊದಲು ನೋಡಿದ್ದೂ ಅದೇ ಜಗಲಿಯ ಮೇಲೆ, ಬೋರಲು ಮಲಗಿದ್ದಾಗ. ಇಕ್ಕೇರಿಯ ಶಾಲೆ ಮೈದಾನದಲ್ಲಿ ವಾಲಿಬಾಲ್ ಪಂದ್ಯ ಇತ್ತು. ಹೊಸನಗರದಿಂದ ಬಂದ ತಂಡದಲ್ಲಿ ಇವರು ಸ್ಮ್ಯಾಷ್ ಹೊಡೆಯುವವರು. ಒಂದು ಆಟ ಮುಗಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡು ನೆಟ್ಟಗೆ ನಿಲ್ಲಲಾರದೆ ಬಗ್ಗಿಬಿಟ್ಟಿದ್ದರಂತೆ. ಅವರಿಗೆ ಚೆಂಡು ಎತ್ತಿಕೊಡುತ್ತಿದ್ದ ಗೆಳೆಯರೊಬ್ಬರು ಊರವರನ್ನು ಕೇಳಿ, ಅವರನ್ನು ಹೆಗಲಿಗೆ ಆನಿಸಿಕೊಂಡು ನಮ್ಮ ಮನೆಗೆ ಕರೆತಂದರು. ಈ ಗೆಳೆಯರು ತೀರ್ಥಹಳ್ಳಿಯವರು. ಆಗ ಹೊಸನಗರದಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಕೆಲಸ ಕಲಿಯುತ್ತಿದ್ದರು. ಮುಂದೆ ನಮ್ಮ ಬದುಕಿನುದ್ದಕ್ಕೂ ಜೊತೆಗಿದ್ದವರು.

"ಅಜ್ಜಿ, ತುಳಿಯೋರು ಇದ್ದಾರಾ ಮನೇಲಿ?"

"ಇದ್ದಾಳೆ, ಕಾಲೇಜಿಂದ ಈಗ ಬಂದ್ಲು. ಮಲಗ್ಸು ಅವ್ನನ್ನ."

ನಾನು ಬಾಗಿಲ ಹಿಂದೆ ನಿಂತು ಆಗುವುದಿಲ್ಲ ಎಂದು ಕೈ ಆಡಿಸಿದೆ. ಅಲ್ಲಿಯವರೆಗೆ ತುಳಿದದ್ದು ಊರಿನ ಹೆಂಗಸರನ್ನು, ಮುದುಕರನ್ನು, ಅಪ್ಪನ ಓರಗೆಯವರನ್ನು. ಗುರುತು ಪರಿಚಯ ಇಲ್ಲದ ಹುಡುಗನ ಬೆನ್ನಿಗೆ ಕಾಲಿಡುವುದು ಹೇಗೆ? ಅಜ್ಜಿ ಒಳಗೆ ಬಂದು, "ಔಷ್ದಿಗೆ ಎಂಥಾ ನಾಚ್ಕೆ? ಬಾ, ತುಳಿದು ಹೋಗು. ಅವ್ನಿಗೆ ಮ್ಯಾಚ್ ಇದ್ಯಂತೆ" ಎಂದು ರಟ್ಟೆ ಹಿಡಿದು ಕರೆದುಕೊಂಡು ಹೋದಳು. ನಾನು ಕಣ್ಣು ಮುಚ್ಚಿ ಮೂರು ಸಲ ತುಳಿದೆ. ಬೆವರಿನಿಂದ ಬನಿಯನ್ ಒದ್ದೆಯಾಗಿತ್ತು. ಮೈದಾನದ ಕೆಂಪು ಧೂಳು ನನ್ನ ಕಾಲಿಗೆ ಮೆತ್ತಿಕೊಂಡಿತು.

"ಹೋಯ್ತಾ?"

"ಇನ್ನೊಂದ್ಸಲ ತುಳಿದ್ರೆ ಹೋಗ್ಬಹುದು ಅನ್ಸುತ್ತೆ."

ಗೆಳೆಯರು ಗೊಳ್ಳೆಂದು ನಕ್ಕರು. ಅಜ್ಜಿಗೆ ಸಿಟ್ಟು ಬಂತು. "ಏ ಹುಡ್ಗಾ, ತಮಾಷೆ ಬ್ಯಾಡ. ಹೋಯ್ತು ಅನ್ನು. ಇಲ್ದಿದ್ರೆ ನಮ್ ಹುಡ್ಗಿಗೆ ಅಂಟ್ಕೊಳ್ತದೆ!"

ಅವರು ಮಲಗಿದ್ದಲ್ಲಿಂದಲೇ ಕತ್ತು ಎತ್ತಿ ನನ್ನ ಕಡೆ ನೋಡಿದರು. "ಅಯ್ಯೋ, ಹೋಯ್ತು ಹೋಯ್ತು! ಪೂರ್ತಿ ಹೋಯ್ತು!" ಎಂದರು. ಅಷ್ಟು ಗಾಬರಿಯಲ್ಲಿ ಯಾರೂ ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಆವತ್ತು ಅವರ ತಂಡ ಗೆದ್ದಿತು. ಬಹುಮಾನ ಒಂದು ಬಾಳೆಗೊನೆ, ಅದನ್ನು ಇವರು ನಮ್ಮ ಮನೆಗೆ ತಂದರು. ತುಳಿದದ್ದಕ್ಕೆ ಏನೂ ತೆಗೆದುಕೊಳ್ಳಬಾರದು ಎಂಬುದು ಪದ್ಧತಿ, ಅಜ್ಜಿ ಗೊನೆಯನ್ನು ಮುಟ್ಟಲಿಲ್ಲ. ಅವರು ಅದನ್ನು ಬೇಲಿಯ ಬಾಗಿಲಿಗೆ ಒರಗಿಸಿಟ್ಟು ಹೋಗಿದ್ದರು. ಬೆಳಗ್ಗೆ ದನಗಳು ಅರ್ಧ ತಿಂದಿದ್ದವು. ಮರುವರ್ಷ ಅವರ ಮನೆಯವರು ನಮ್ಮ ಮನೆಗೆ ಹೆಣ್ಣು ಕೇಳಲು ಬಂದಾಗ ಅಜ್ಜಿ ಕೇಳಿದ ಮೊದಲ ಮಾತು, "ಸೊಂಟ ಹ್ಯಾಂಗಿದೆ?" ಎಂದು.

ಮದುವೆಯಾಗಿ ಹೊಸನಗರಕ್ಕೆ ಬಂದೆ. ಅವರಿಗೆ ಅಷ್ಟರಲ್ಲಿ ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್ ಕೆಲಸವಾಗಿತ್ತು. ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಮನೆ, ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಸಿಕ್ಕಸಿಕ್ಕವರ ಮುಂದೆ ಇವರು ಹೇಳುತ್ತಿದ್ದ ಮಾತೊಂದಿತ್ತು: "ಬೇರೆಯವ್ರೆಲ್ಲ ಮದ್ವೆ ಆದ್ಮೇಲೆ ಒದೆ ತಿಂತಾರೆ. ನಾನು ಮೊದ್ಲೇ ತಿಂದು ನೋಡಿ, ಪರ್ವಾಗಿಲ್ಲ ಅನ್ಸಿದ್ಮೇಲೆ ಮದ್ವೆ ಆದೆ." ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಆದರೆ ಅತ್ತೆಗೆ ಆ ತಮಾಷೆ ಸೇರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲೇ ಒಮ್ಮೆ ಇವರು ಕಂಬ ಹತ್ತಿ ಬಂದು ಬೆನ್ನು ನೋವೆಂದು ಮಲಗಿ, "ಬಾ ಮಾರಾಯ್ತಿ, ಒಂದ್ಸಲ ತುಳಿ" ಎಂದು ಕರೆದರು. ನಾನು ಕಾಲು ಮುಂದಿಟ್ಟಿದ್ದೆ. ಅತ್ತೆ ಅಡುಗೆಮನೆಯಿಂದ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದರು.

"ಎಂತ ಮಾಡ್ತಿದೀಯಾ ಹುಡ್ಗಿ? ಗಂಡನ ಮೈಗೆ ಕಾಲು ತಾಗಿಸ್ತಾರಾ? ಊರೋರಿಗೆಲ್ಲ ತುಳಿ, ನಾನು ಬ್ಯಾಡ ಅನ್ನಲ್ಲ. ಇವ್ನಿಗೆ ಮಾತ್ರ ಬ್ಯಾಡ."

ಅಲ್ಲಿಗೆ ಆ ವಿಷಯ ಮುಗಿಯಿತು. ನನ್ನ ಕಾಲಿನಲ್ಲಿ ಏನಾದರೂ ಗುಣ ಇದ್ದದ್ದೇ ಹೌದಾದರೆ, ಅದು ಹೊಸನಗರದ ಅಂಗಡಿಯವರಿಗೆ, ಪಕ್ಕದ ಮನೆಯ ಟೀಚರಿಗೆ, ಒಮ್ಮೆ ಬಸ್ ನಿಲ್ಲಿಸಿ ಇಳಿದು ಬಂದ ಡ್ರೈವರಿಗೆ ಸಿಕ್ಕಿತು. ಮನೆಯ ಯಜಮಾನರಿಗೆ ಮಾತ್ರ ಇಲ್ಲ. ಅವರಿಗೆ ಅತ್ತೆಯ ಲಕ್ಕಿಸೊಪ್ಪಿನ ಎಣ್ಣೆ. ಅದನ್ನು ಅತ್ತೆ ತಾವೇ ಕುದಿಸಿ, ಸೋಸಿ, ಭಾನುವಾರ ಮಗನ ಮೈಗೆ ತಿಕ್ಕುತ್ತಿದ್ದರು. ಕೂದಲು ಹಣ್ಣಾದ ಮಗ ಕಾಲುಮಣೆಯ ಮೇಲೆ ಕೂತು "ಮೆತ್ಗೆ ಅಮ್ಮಾ" ಎನ್ನುತ್ತಿದ್ದರು.

ಐವತ್ತರ ಹತ್ತಿರ ಬಂದಾಗ ಅವರ ಬಲಭುಜ ಕೈಕೊಟ್ಟಿತು. ಕಂಬದ ಕೆಲಸವೋ, ಇಷ್ಟು ವರ್ಷ ಹೊಡೆದ ಸ್ಮ್ಯಾಷೋ, ಎರಡೂ ಇರಬಹುದು. ಆಫೀಸಿನಲ್ಲಿ ನೆಲದ ಮೇಲಿನ ಕೆಲಸ ಕೊಟ್ಟರು. ಆದರೆ ಆಟ? ಹಳಬರದ್ದೇ ಒಂದು ತಂಡವಿತ್ತು ಇವರದ್ದು. ಸಾಗರ, ತೀರ್ಥಹಳ್ಳಿ, ಎಲ್ಲಿ ಹಿರಿಯರ ಪಂದ್ಯ ಇಟ್ಟರೂ ಭಾನುವಾರ ಬಸ್ ಹತ್ತುತ್ತಿದ್ದರು. ಕೈ ಮೇಲೆತ್ತಲಾಗದ ಸ್ಮ್ಯಾಷರ್‌ನನ್ನು ಯಾರು ಕರೆಯುತ್ತಾರೆ? ಇವರು ಸಂಜೆ ಅಂಗಳದಲ್ಲಿ ನಿಂತು ಎಡಗೈಯಿಂದ ಬಲಗೈಯನ್ನು ಎತ್ತಿ ಎತ್ತಿ ನೋಡುತ್ತಿದ್ದರು.

ಆ ಪಟ್ಟಿಯ ವಿಷಯ ತಂದವರು ಅದೇ ಗೆಳೆಯರು, ಚೆಂಡು ಎತ್ತಿಕೊಡುವವರು. "ಟೀವೀಲಿ ನೋಡಿಲ್ವಾ ಅತ್ತಿಗೆ? ದೊಡ್ಡ ದೊಡ್ಡ ಆಟಗಾರರೆಲ್ಲ ಭುಜಕ್ಕೆ, ಮಂಡಿಗೆ ಬಣ್ಣದ ಪಟ್ಟಿ ಅಂಟಿಸ್ಕೊಂಡಿರ್ತಾರೆ. ರಬ್ಬರಿನ ಹಾಗೆ ಎಳೀತದೆ. ಅದನ್ನ ಹಾಕಿದ್ರೆ ನೋವು ಗೊತ್ತಾಗಲ್ವಂತೆ. ಸಾಗರದಲ್ಲಿ ಒಬ್ರು ಫಿಸಿಯೋ ಮೇಡಂ ಹಾಕ್ತಾರೆ."

"ರಬ್ಬರ್ ಪಟ್ಟಿಯಿಂದ ನೋವು ಹೋಗೋದಾದ್ರೆ ಅಕ್ಕಿ ಚೀಲದ ಬಾಯಿಗೂ ಕಟ್ಟಿದ್ದೀನಲ್ಲ, ಅದನ್ನೇ ಬಿಚ್ಚಿ ಕೊಡ್ತೀನಿ" ಎಂದರು ಅತ್ತೆ.

ನಾವಿಬ್ಬರೂ ಸಾಗರಕ್ಕೆ ಹೋದೆವು. ಆ ಮೇಡಂ ಇನ್ನೂ ಚಿಕ್ಕ ವಯಸ್ಸಿನವರು. ಭುಜವನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿ, ಮಾಡಬೇಕಾದ ವ್ಯಾಯಾಮಗಳನ್ನು ಹೇಳಿಕೊಟ್ಟರು. ಇವರು ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ "ಆ ಟೇಪ್ ಒಂದು ಹಾಕಿ ಮೇಡಂ" ಎಂದರು. ಅವರು ನಕ್ಕು, ಹೊರಗಿನ ಮೆಡಿಕಲ್ ಅಂಗಡಿಯಿಂದ ಒಂದು ಸುರುಳಿ ತರಲು ಹೇಳಿದರು. ಅಂಗಡಿಯಲ್ಲಿ ಇದ್ದದ್ದು ಗುಲಾಬಿ ಬಣ್ಣ ಮಾತ್ರ. ನೀಲಿಯನ್ನೆಲ್ಲ ಕ್ರಿಕೆಟ್ ಹುಡುಗರು ಕೊಂಡುಹೋಗಿದ್ದರಂತೆ.

"ಭುಜಕ್ಕೆ ಅವರ ಕೈ ಎಟುಕಲ್ಲ, ಇದನ್ನ ನೀವೇ ಹಾಕ್ಬೇಕಾಗುತ್ತೆ" ಎಂದು ಮೇಡಂ ನನಗೆ ಕಲಿಸಿದರು. ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಇಲ್ಲದಿದ್ದರೆ ಅಂಗಿಗೆ ಸಿಕ್ಕಿ ಏಳುತ್ತದೆ. ತುದಿಗಳನ್ನು ಎಳೆಯದೆ ಅಂಟಿಸಬೇಕು, ನಡುವೆ ಸ್ವಲ್ಪ ಮಾತ್ರ ಎಳೆಯಬೇಕು. ಅಂಟಿಸಿದ ಮೇಲೆ ಅಂಗೈಯಿಂದ ಉಜ್ಜಿ ಬಿಸಿ ಮಾಡಬೇಕು. ನಾನು ಮೊದಲ ಸಲ ಬ್ಯಾಂಡೇಜ್ ಕಟ್ಟುವ ಹಾಗೆ ಬಿಗಿಯಾಗಿ ಎಳೆದುಬಿಟ್ಟೆ. "ಹಾಗೆ ಎಳೆದ್ರೆ ಚರ್ಮದ ಮೇಲೆ ಬೊಬ್ಬೆ ಏಳುತ್ತೆ ಅಮ್ಮಾ, ಮೆತ್ತಗೆ" ಎಂದರು. ಬಿಚ್ಚಿ ಮತ್ತೆ ಅಂಟಿಸಿದೆ. ಉಜ್ಜಿ ಮುಗಿಸಿದಾಗ ಹಳೆಯ ಅಭ್ಯಾಸ, ಬಾಯಿಗೆ ಬಂದೇಬಿಟ್ಟಿತು.

"ಹೋಯ್ತಾ?"

"ಹೋಯ್ತು" ಎಂದರು ಇವರು, ತಕ್ಷಣ.

ಮೇಡಂ ಇಬ್ಬರನ್ನೂ ನೋಡಿದರು. ಇವರು ತುಳಿಯುವ ಕತೆಯನ್ನು ಪೂರ್ತಿ ಹೇಳಿದರು, ಬಾಳೆಗೊನೆಯನ್ನೂ ಬಿಡಲಿಲ್ಲ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು:

"ನಾನು ಸುಳ್ಳು ಹೇಳಲ್ಲ ಸರ್. ಇದ್ರಿಂದ ಕೆಲವರಿಗೆ ಸ್ವಲ್ಪ ದಿನ ನೋವು ಕಮ್ಮಿ ಅನ್ಸುತ್ತೆ. ಎಳೀದೆ ಸುಮ್ನೆ ಅಂಟಿಸಿದ್ರೂ ಎಷ್ಟೋ ಜನಕ್ಕೆ ಹಾಗೇ ಅನ್ಸುತ್ತೆ. ಇದನ್ನ ಹಾಕಿದ್ರೆ ಶಕ್ತಿ ಬರುತ್ತೆ, ಪೆಟ್ಟೇ ಆಗಲ್ಲ ಅಂತೆಲ್ಲ ಗಟ್ಟಿಯಾಗಿ ಹೇಳೋ ಹಾಗಿಲ್ಲ. ಭುಜ ಗಟ್ಟಿ ಆಗೋದು ವ್ಯಾಯಾಮದಿಂದ. ಇನ್ನು ಅಮ್ಮಾ, ನೀವು ಹಾಗೆ ಕೇಳ್ಬೇಡಿ. ಕೇಳಿದ್ರೆ ಅವರು ನಿಮಗೋಸ್ಕರ ಹೋಯ್ತು ಅಂತಾರೆ. ಕೇಳೋದು ಬಿಟ್ಟು ನೋಡಿ. ಕೈ ಎಷ್ಟು ಎತ್ತರ ಹೋಗುತ್ತೆ ಅಂತ ನೋಡಿ."

ವಾಪಸ್ ಬಸ್ಸಿನಲ್ಲಿ ಇವರು ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಮೇಲಿನ ಕಂಬಿ ಹಿಡಿಯುತ್ತಾ ಬಿಡುತ್ತಾ ಬಂದರು. "ಏನ್ರೀ ಅದು?" ಎಂದರೆ, "ಮೇಡಂ ನೋಡು ಅಂದ್ರಲ್ಲ, ನೋಡು" ಎಂದರು.

ಮರುದಿನ ಬೆಳಗ್ಗೆ ಪೆನ್ಸಿಲ್ ಹುಡುಕಿ ತಂದು, ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತರು. ಕೈ ಎತ್ತಿದಷ್ಟಕ್ಕೆ ನಾನು ಗೆರೆ ಹಾಕಬೇಕು. ಪಟ್ಟಿ ಇದ್ದಾಗ ಒಂದು ಗೆರೆ, ತೆಗೆದಾಗ ಒಂದು. ಪಟ್ಟಿ ಇದ್ದಾಗಿನ ಗೆರೆ ಒಂದು ಬೆರಳಿನಷ್ಟು ಮೇಲಿತ್ತು. "ನೋಡ್ದ್ಯಾ!" ಎಂದು ಅತ್ತೆಯನ್ನು ಕರೆದು ತೋರಿಸಿದರು. "ಬಾಗ್ಲು ಹಾಳು ಮಾಡಿದ್ದು ಕಾಣ್ತದೆ" ಎಂದರು ಅತ್ತೆ. ಈ ಗೆರೆಗಳು ಈಗಲೂ ಇವೆ. ಮಗು ಬೆಳೆದದ್ದನ್ನು ಗುರುತು ಹಾಕಿದ ಹಾಗೆ ಕಾಣುತ್ತವೆ. ಹೊಸಬರು ಬಂದರೆ ಯಾವ ಮಗು ಎಂದು ಕೇಳುತ್ತಾರೆ.

ಇವರು ಮತ್ತೆ ಆಡಲು ಶುರು ಮಾಡಿದರು. ವ್ಯಾಯಾಮವನ್ನೂ ಮಾಡುತ್ತಿದ್ದರು ಅನ್ನಿ, ಆದರೆ ನಂಬಿಕೆಯೆಲ್ಲ ಗುಲಾಬಿ ಪಟ್ಟಿಯ ಮೇಲೆ. ಪಂದ್ಯದ ದಿನ ಬೆಳಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದರು, ನಾನು ಒಂದು ಮೆಟ್ಟಿಲು ಮೇಲೆ ಕೂತು ಅಂಟಿಸುತ್ತಿದ್ದೆ. ಭುಜದ ಮೇಲೆ ಕವಲಾಗಿ ಇಳಿಯುವ ಪಟ್ಟಿ. ಅಂಗೈಯಿಂದ ಉಜ್ಜುವಾಗ ಎದುರಿಗೆ ಪೇರಲೆ ಗಿಡದಲ್ಲಿ ಅಳಿಲು ಓಡಾಡುತ್ತಿತ್ತು. ನಾನು "ಹೋಯ್ತಾ?" ಎಂದು ಕೇಳದಿರಲು ತುಟಿ ಕಚ್ಚಿಕೊಳ್ಳುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು. "ಕೇಳು ಕೇಳು, ಮೇಡಂ ಇಲ್ಲಿಲ್ಲ" ಎನ್ನುತ್ತಿದ್ದರು.

ಮೈದಾನದಲ್ಲಿ ಅವರಿಗೆ ಹೊಸ ಹೆಸರೇ ಬಂತು. ಮೈಕಿನಲ್ಲಿ ಆಟದ ವಿವರಣೆ ಕೊಡುವವನು, "ಈಗ ನೋಡಿ, ಗುಲಾಬಿ ಭುಜದವರು ಮೇಲೆ ಹಾರಿದ್ದಾರೆ, ಮಾವನ ಮನೆಗೆ ಹೊರಟ ಮದುಮಗನ ಹಾಗಿದ್ದಾರೆ!" ಎಂದು ಕೂಗುತ್ತಿದ್ದ. ಎದುರಾಳಿ ತಂಡದವರು, "ಅತ್ತಿಗೆ ಬಳೆ, ಸರ ಎಲ್ಲ ಹಾಕಿ ಕಳ್ಸೋದ್ ಬಿಟ್ಟು ಬರೀ ಪಟ್ಟಿ ಹಾಕಿದ್ದಾರಲ್ಲೋ" ಎಂದು ರೇಗಿಸುತ್ತಿದ್ದರು. ಇವರು ಭುಜ ತಟ್ಟಿಕೊಂಡು ಮುಂದಿನ ಚೆಂಡು ಕೇಳುತ್ತಿದ್ದರು. ನಾನು ಹೆಂಗಸರ ಜೊತೆ ಶಾಲೆಯ ಜಗಲಿಯಲ್ಲಿ ಕೂತು ಚುರುಮುರಿ ತಿನ್ನುತ್ತಾ, ಆ ಗುಲಾಬಿ ಬಣ್ಣ ಮೇಲೆ ಹೋಗಿ ಕೆಳಗೆ ಬರುವುದನ್ನು ನೋಡುತ್ತಿದ್ದೆ. ಅಷ್ಟು ದೂರದಿಂದಲೂ ನನ್ನ ಕೈಕೆಲಸ ನನಗೆ ಕಾಣುತ್ತಿತ್ತು.

ಕವಲೇದುರ್ಗದ ಕೆಳಗಿನ ಊರಿನಲ್ಲಿ ಒಂದು ಪಂದ್ಯವಾಯಿತು. ಅದನ್ನು ಬರೆಯದಿದ್ದರೆ ಈ ಪಟ್ಟಿಯ ಕತೆ ಅರ್ಧವೇ. ಆವತ್ತು ಬೆಳಗ್ಗೆ ನಾನು ಅಂಟಿಸುವುದಕ್ಕೆ ಮೊದಲೇ, ನಾನು ತಿಂಡಿ ಮಾಡುತ್ತಿದ್ದ ಹೊತ್ತಿನಲ್ಲಿ, ಅತ್ತೆ ಮಗನ ಭುಜಕ್ಕೆ ಚೆನ್ನಾಗಿ ಲಕ್ಕಿಸೊಪ್ಪಿನ ಎಣ್ಣೆ ತಿಕ್ಕಿಬಿಟ್ಟಿದ್ದರು. ಇಬ್ಬರೂ ನನಗೆ ಹೇಳಲಿಲ್ಲ. ಇವರು ಒರೆಸಿಕೊಂಡು ಬಂದು ಕೂತರು, ನಾನು ಅಂಟಿಸಿದೆ. ಯಾಕೋ ಸರಿಯಾಗಿ ಹಿಡಿಯಲಿಲ್ಲ ಅನ್ನಿಸಿತು. ಬಸ್ಸಿಗೆ ಹೊತ್ತಾಗಿತ್ತು, ಅವರು ಬನಿಯನ್ ಮೇಲೆ ತಂಡಕ್ಕೆ ಆಗಷ್ಟೇ ಬಂದಿದ್ದ, ಭುಜ ಪೂರ್ತಿ ಮುಚ್ಚುವ ಹೊಸ ಅಂಗಿ ಹಾಕಿಕೊಂಡರು, ಓಡಿದೆವು.

ಆ ದಿನ ಅವರು ಆಡಿದ ಹಾಗೆ ಈಚಿನ ವರ್ಷಗಳಲ್ಲಿ ಆಡಿರಲಿಲ್ಲ. ತಡೆಯಲು ಎದ್ದ ಎರಡು ಜೊತೆ ಕೈಗಳ ನಡುವಿನಿಂದ ಚೆಂಡು ನೆಲಕ್ಕೆ ಬಡಿದು ಧೂಳು ಏಳುತ್ತಿತ್ತು. ಗೆಳೆಯರು ಮತ್ತೆ ಮತ್ತೆ ಅವರಿಗೇ ಎತ್ತಿಕೊಟ್ಟರು. ಗೆದ್ದರು. ಆಟ ಮುಗಿದು ಬಾವಿಕಟ್ಟೆಯ ಹತ್ತಿರ ಅಂಗಿ, ಬನಿಯನ್ ತೆಗೆದು ಮುಖ ತೊಳೆಯಲು ನಿಂತರು. ಭುಜ ಬೋಳಾಗಿತ್ತು. ಪಟ್ಟಿ ಎಲ್ಲಿ ಎಂದು ನೋಡಿದರೆ ಬನಿಯನ್ನಿನ ಒಳಗೆ ಮುದ್ದೆಯಾಗಿ ಅಂಟಿಕೊಂಡಿತ್ತು. ಬಸ್ಸಿನಲ್ಲೇ ಬಿಟ್ಟುಕೊಂಡಿರಬೇಕು. ಇಡೀ ಪಂದ್ಯ ಬರೀ ಭುಜದಲ್ಲಿ ಆಡಿದ್ದರು, ಪಟ್ಟಿ ಇದೆ ಎಂದುಕೊಂಡು.

ಇವರು ಬನಿಯನ್ ಎತ್ತಿ ಹಿಡಿದು, "ಅಂದ್ರೆ ಇಷ್ಟು ದಿನ ನೋವಿದ್ದಿದ್ದು ನಂಗಲ್ಲ, ಬನಿಯನ್ನಿಗೆ" ಎಂದರು.

"ಬನಿಯನ್ನಿಗೆ ಆರಾಮಾಯ್ತಾ ಕೇಳು ಮಾರಾಯ" ಎಂದರು ಗೆಳೆಯರು. ಬಾವಿಕಟ್ಟೆಯ ಮೇಲೆ ಕೂತು ನಕ್ಕದ್ದು ಎಷ್ಟು ಎಂದರೆ, ಹೋಗುವ ಬಸ್ ತಪ್ಪಿತು. ಮುಂದಿನ ಬಸ್ಸಿನವರೆಗೆ ಕೋಟೆಯ ಮೊದಲ ಬಾಗಿಲವರೆಗೆ ಹತ್ತಿ ಬಂದೆವು. ಮೇಲೆ ಕಲ್ಲಿನ ಮೇಲೆ ಕೂತಾಗ ನಾನೇ ಕೇಳಿದೆ.

"ಇನ್ಮೇಲೆ ಅಂಟಿಸೋದು ಬೇಡ ಅಲ್ವಾ?"

"ಯಾಕೆ?"

"ಅದ್ರಿಂದ ಏನೂ ಆಗಲ್ಲ ಅಂತ ಗೊತ್ತಾಯ್ತಲ್ಲ."

"ಸುರುಳಿ ಇನ್ನೂ ಅರ್ಧ ಇದೆ ಮಾರಾಯ್ತಿ. ಬಿಸಾಡ್ತೀಯಾ?"

ಮುಂದಿನ ಪಂದ್ಯಕ್ಕೂ ಅಂಟಿಸಿದೆ. ಅದರ ಮುಂದಿನದಕ್ಕೂ. ಅದು ಮುಗಿದ ಮೇಲೆ ಹೊಸ ಸುರುಳಿ ತಂದರು. ಆಗ ಅಂಗಡಿಯಲ್ಲಿ ನೀಲಿ ಇತ್ತಂತೆ, ಆದರೂ ಗುಲಾಬಿಯನ್ನೇ ತಂದರು.

ಆ ಎರಡನೇ ಸುರುಳಿ ಮುಗಿಯಲಿಲ್ಲ. ಅವರ ಹೊಟ್ಟೆಯ ಒಳಗೆ ಗಡ್ಡೆ ಬೆಳೆದದ್ದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಆಸ್ಪತ್ರೆಗಳ ಬಗ್ಗೆ ಬರೆಯುವುದಿಲ್ಲ, ಎಲ್ಲರೂ ಚೆನ್ನಾಗಿಯೇ ನೋಡಿಕೊಂಡರು. ಮನೆಗೆ ಕರೆತಂದ ಮೇಲೆ ನೋವು ಬೆನ್ನಿಗೆ ಬರುತ್ತಿತ್ತು. ಮಾತ್ರೆ ತೆಗೆದುಕೊಂಡರೂ ಮಧ್ಯಾಹ್ನಗಳಲ್ಲಿ ಒಂದು ಮಗ್ಗುಲಿಗೆ ಮಲಗಲಾಗದೆ ಒದ್ದಾಡುತ್ತಿದ್ದರು. ಒಂದು ದಿನ ಊಟದ ಹೊತ್ತು ಮುಗಿದು, ಅತ್ತೆ ಹಾಸಿಗೆಯ ಪಕ್ಕ ಕೂತು ಮಗನ ಕಾಲು ಒತ್ತುತ್ತಿದ್ದರು. ಇವರು ಕಷ್ಟಪಟ್ಟು ಬೋರಲಾಗಿ ಮಲಗಿ, ದಿಂಬಿನೊಳಗಿಂದ ಹೇಳಿದರು.

"ಒಂದ್ಸಲ ತುಳಿ ಮಾರಾಯ್ತಿ."

ನಾನು ಅತ್ತೆಯ ಮುಖ ನೋಡಿದೆ. ಇದು ಉಳುಕಲ್ಲ ಎಂದು ನಮಗೆ ಮೂವರಿಗೂ ಗೊತ್ತಿತ್ತು. ಅತ್ತೆ ಮೆಲ್ಲಗೆ ಎದ್ದು, ಸೆರಗು ಸರಿಮಾಡಿಕೊಂಡು, "ತುಳಿ. ನಾನು ಹಿತ್ತಲಿಗೆ ಹೋಗಿರ್ತೀನಿ, ನಾನು ನೋಡ್ಲಿಲ್ಲ" ಎಂದರು. ಬಾಗಿಲಲ್ಲಿ ನಿಂತು, ತಿರುಗದೆ, "ಎಡಗಾಲಲ್ಲಿ" ಎಂದರು.

ಗೋಡೆ ಹಿಡಿದುಕೊಂಡು, ಭಾರ ಬಿಡದೆ, ಮೂರು ಸಲ ತಾಗಿಸಿದೆ. ಬೆನ್ನಿನ ಮೂಳೆಗಳು ಪಾದಕ್ಕೆ ಸಿಕ್ಕವು. ಕೇಳಬಾರದು ಎಂದುಕೊಂಡಿದ್ದೆ. ಕೇಳಿಬಿಟ್ಟೆ.

"ಹೋಯ್ತಾ?"

"ಹೋಯ್ತು" ಎಂದರು. ಮೊದಲ ಸಲದ ಗಾಬರಿ ಇರಲಿಲ್ಲ. ಮೆಲ್ಲಗೆ, ಸಮಾಧಾನವಾಗಿ ಹೇಳಿದರು.

ಅದಾದ ಒಂದು ವಾರಕ್ಕೆ ಅವರು ಹೋದರು. ಬಂದವರೆಲ್ಲ ಫೋನಿನಲ್ಲಿ "ಹೋದ್ರು, ಹೋದ್ರು" ಎಂದು ಹೇಳುವಾಗ ನನಗೆ ಆ ಮಾತೇ ಕಿವಿಯಲ್ಲಿ. ನನಗೆ ಅಂಟದಿರಲಿ ಎಂದು ಹೇಳಿದರೇ? ಆ ನೋವನ್ನು ತಾವೇ ಇಟ್ಟುಕೊಂಡರೇ? ಅಥವಾ ಒಂದು ಗಳಿಗೆಯಾದರೂ ನಿಜವಾಗಿ ಹಗುರಾಗಿತ್ತೇ? ಆಮೇಲೆ ಊರವರು ಯಾರೋ ಉಳುಕು ಎಂದು ಬಂದರು, ನಾನು ತುಳಿಯುವುದನ್ನು ಬಿಟ್ಟಿದ್ದೇನೆ ಎಂದು ಕಳಿಸಿದೆ. ಪಂದ್ಯಗಳ ಸುದ್ದಿ ಬಂದರೆ ಎದ್ದು ಒಳಗೆ ಹೋಗುತ್ತಿದ್ದೆ.

ಈ ಬೇಸಿಗೆಯ ಮೊದಲಿಗೆ ಗೆಳೆಯರು ಮನೆಗೆ ಬಂದರು. ತೀರ್ಥಹಳ್ಳಿಯಲ್ಲಿ ಹಿರಿಯರ ಪಂದ್ಯ ಇಟ್ಟಿದ್ದಾರೆ, ಅವರ ನೆನಪಿಗೆ ಎಂದು ತಂಡದವರೆಲ್ಲ ಆಡುತ್ತಾರೆ, ಬರಬೇಕು ಎಂದರು. ಅತ್ತೆ ಒಳಗಿನಿಂದಲೇ, "ಬರ್ತಾಳೆ. ಮನೇಲಿ ಕೂತು ಬಾಗ್ಲ ಗೆರೆ ನೋಡ್ತಾ ಎಷ್ಟು ದಿನ ಇರ್ತಾಳೆ?" ಎಂದರು. ಹೊರಡುವ ದಿನ ಕೈಚೀಲದಲ್ಲಿ ಆ ಸುರುಳಿಯನ್ನು ಹಾಕಿಕೊಂಡೆ. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕತ್ತರಿಯನ್ನು ಅತ್ತೆ ಹಾಕಿದರು.

ಬಸ್ ಇಳಿದು ಮೈದಾನಕ್ಕೆ ನಡೆದೆ. ಸುಣ್ಣದ ಗೆರೆ ಹೊಸದಾಗಿ ಎಳೆದಿದ್ದರು. ಮೈಕಿನವನು ಅದೇ ಹಳಬ, ನನ್ನನ್ನು ನೋಡಿ ಕೈ ಮುಗಿದ. ಗೆಳೆಯರು ಮರದ ಕೆಳಗೆ ಕೂತು ಬಲಮಂಡಿಯನ್ನು ಒತ್ತಿಕೊಳ್ಳುತ್ತಿದ್ದರು. ಅವರಿಗೂ ವಯಸ್ಸಾಗಿದೆ, ಮಂಡಿ ಊದಿಕೊಂಡಿತ್ತು. ಪಕ್ಕದಲ್ಲಿದ್ದವರು, "ಇವ್ರು ಆಡಲ್ಲ ಅಂತಿದ್ದಾರೆ ಅಕ್ಕಾ. ಇವ್ರೇ ಇಲ್ದಿದ್ರೆ ಇನ್ನೆಂತ ನೆನಪಿನ ಪಂದ್ಯ?" ಎಂದರು.

ನಾನು ಚೀಲದಿಂದ ಸುರುಳಿ ತೆಗೆದೆ.

ಅವರು ಅದನ್ನು ನೋಡಿ ತಲೆ ತಗ್ಗಿಸಿದರು. ಆಮೇಲೆ ಪ್ಯಾಂಟು ಮೇಲಕ್ಕೆ ಮಡಚಿ, "ಇದ್ರಿಂದ ಎಂತ ಆಗುತ್ತೆ ಅಂತ ನಾವಿಬ್ರೂ ಕವಲೇದುರ್ಗದಲ್ಲಿ ನೋಡಿದ್ದೀವಲ್ಲ ಅತ್ತಿಗೆ" ಎಂದರು.

"ನೋಡಿದ್ದೀವಿ. ಕಾಲು ಚಾಚಿ."

ಮೂಲೆಗಳನ್ನು ದುಂಡಗೆ ಕತ್ತರಿಸಿದೆ. ಮಂಡಿಯನ್ನು ಒರೆಸಿ, ಎಣ್ಣೆ ಹಚ್ಚಿದ್ದಾರಾ ಎಂದು ಕೇಳಿ, ಚಿಪ್ಪಿನ ಎರಡೂ ಬದಿಗೆ ಪಟ್ಟಿ ಇಳಿಸಿದೆ. ತುದಿ ಎಳೆಯಲಿಲ್ಲ. ಅಂಗೈಯಿಂದ ಉಜ್ಜಿದೆ. ವರ್ಷದ ಮೇಲಾಗಿತ್ತು, ಕೈಗೆ ಮರೆತಿರಲಿಲ್ಲ. ಬಾಯಿಗೂ ಮರೆತಿರಲಿಲ್ಲ.

"ಹೋಯ್ತಾ?"

ಅವರು ಬಾಯಿ ತೆರೆದು, ನಿಲ್ಲಿಸಿದರು. ಇಕ್ಕೇರಿಯ ಜಗಲಿ ಅವರಿಗೂ ನೆನಪಿತ್ತು. "ಹೋಯ್ತು ಅನ್ಬೇಕಲ್ವಾ?"

"ಬೇಡ. ನಿಜ ಹೇಳಿ."

"ನಿಜ ಹೇಳಿದ್ರೆ ನಿಮಗೆ ಅಂಟ್ಕೊಳ್ತದಲ್ಲ. ಅಜ್ಜಿ ಹೇಳಿದ್ರು."

"ಅಂಟ್ಕೊಳ್ಲಿ ಬಿಡಿ."

ಅವರು ಮಂಡಿ ಮಡಚಿ, ಚಾಚಿ ನೋಡಿದರು. "ಹೋಗಿಲ್ಲ ಅತ್ತಿಗೆ. ಅಲ್ಲೇ ಇದೆ. ಆದ್ರೆ ಒಂದು ಆಟ ಆಡ್ಬಹುದು ಅನ್ಸುತ್ತೆ." ಎದ್ದು, ಕುಂಟುತ್ತಲೇ ಸುಣ್ಣದ ಗೆರೆ ದಾಟಿ ಒಳಗೆ ಹೋದರು.

ನಾನು ಹೆಂಗಸರಿದ್ದಲ್ಲಿಗೆ ಹೋಗಿ ಕೂತೆ. ಮೊದಲ ಚೆಂಡು ಎತ್ತಿಕೊಟ್ಟಾಗ ಅವರ ಮುಖ ಕಿವುಚಿದ್ದು ಅಲ್ಲಿಂದಲೇ ಕಂಡಿತು. ಎರಡನೆಯದು ಅಷ್ಟಿಲ್ಲ. ಸಾಗರದ ಮೇಡಂ ಹೇಳಿದ್ದು ನೆನಪಾಯಿತು: ಕೇಳುವುದು ಬಿಟ್ಟು ನೋಡಿ. ಹಾಗಾದರೆ ಆ ಮಧ್ಯಾಹ್ನ ನಾನು ನೋಡಿದ್ದು ಏನು? ಇಷ್ಟು ತಿಂಗಳಿಂದ ಅವರ ಮಾತನ್ನೇ ಹಿಡಿದುಕೊಂಡಿದ್ದೆ, ಅದರ ನಂತರದ್ದನ್ನು ನೆನೆಸಿಕೊಂಡೇ ಇರಲಿಲ್ಲ. ಹೋಯ್ತು ಎಂದ ಮೇಲೆ ಅವರು ಮಗ್ಗುಲಿಗೆ ತಿರುಗಿದ್ದರು. ಬಲಗೈ ತಲೆಯ ಕೆಳಗೆ ಹೋಗಿತ್ತು, ಆ ಭುಜದ ಕೈ. ಅತ್ತೆ ಹಿತ್ತಲಿಂದ ಬಂದು ಚಹಾ ಇಟ್ಟು, ಅದು ಆರಿ, ಮತ್ತೆ ಬಿಸಿ ಮಾಡಿ, ಅದೂ ಆರುವವರೆಗೆ ಅವರು ನಿದ್ದೆ ಮಾಡಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಅತ್ತೆ ಬೆರಳು ತುಟಿಗೆ ಇಟ್ಟು ನನ್ನನ್ನು ಸುಮ್ಮನಿರಿಸಿದ್ದರು. ನೋವು ಹೋಗಿತ್ತೋ ಇಲ್ಲವೋ ನಾನು ಹೇಳಲಾರೆ. ಮಲಗಿದ್ದನ್ನು ನೋಡಿದ್ದೇನೆ.

"ಗುಲಾಬಿ ಮಂಡಿಯವರು ಚೆಂಡು ಎತ್ತಿದ್ದಾರೆ!" ಎಂದು ಮೈಕಿನವನು ಕೂಗಿದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಚುರುಮುರಿಯ ಪೊಟ್ಟಣವನ್ನು ನನ್ನ ಕಡೆ ಚಾಚಿ, "ಆ ಪಟ್ಟಿ ಹಾಕಿದ್ರೆ ನೋವು ಹೋಗುತ್ತಾ ಅಕ್ಕಾ? ನಮ್ಮನೆಯವ್ರಿಗೂ ಮಂಡಿನೋವು" ಎಂದು ಕೇಳಿದಳು.

"ಹೋಗಲ್ಲ ಅಂತ ಕಾಣುತ್ತೆ" ಎಂದೆ. "ಆಟ ಮುಗೀಲಿ, ಕರ್ಕೊಂಡ್ ಬಾ. ಸುರುಳಿ ಇನ್ನೂ ಇದೆ."